ಹಿಂಬಾಲಿಸುವವನನ್ನು ನಾಯಕ ಎನ್ನಬೇಡಿ

ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಗೆ ಬಂತು. ಅಂಬರೀಶ್ ಕನ್ನಡಿಗರಿಗೆ ಮೊದಲು ಪರಿಚಯವಾದದ್ದು ಆ ಚಿತ್ರದ ಜಲೀಲನಾಗಿ. ಅಲಮೇಲುವಿನ ದಾರಿಗೆ ಅಡ್ಡ ನಿಂತು, ಬುಲ್‌ಬುಲ್ ಎಂದು ಕರೆದು, ತನ್ನೊಡನೆ ಮಾತಾಡಲೇಬೇಕೆಂದು ಪೀಡಿಸುವ ಪೋಲಿ ಅವನು. ಅವನು ಪೋಲಿ ಎಂಬುದರಲ್ಲಿ ಪುಟ್ಟಣ್ಣನವರಿಗೂ ಅನುಮಾನವಿರಲಿಲ್ಲ, ಪ್ರೇಕ್ಷಕರಿಗೂ ಇರಲಿಲ್ಲ. ನಾಯಕ ರಾಮಾಚಾರಿಯ ಕೈಯಲ್ಲಿ ಅವನು ಏಟು ತಿನ್ನುವುದು ನ್ಯಾಯ ಎನ್ನುವ ಹಾಗೆಯೇ ಕಥೆ ಸಾಗುತ್ತದೆ. 41 ವರ್ಷ ಕಳೆದು 2013ರಲ್ಲಿ ಅದೇ ಕರೆ ‘ಬುಲ್ ಬುಲ್’ ಎಂಬ ಪ್ರೇಮಚಿತ್ರದ ಶೀರ್ಷಿಕೆಯಾಯಿತು. ದರ್ಶನ್ ಅದರ ನಾಯಕ, ಅಂಬರೀಶ್ ಅವರಿಗೂ ಅದರಲ್ಲಿ ಪಾತ್ರವಿತ್ತು. ಪೋಲಿಯ ಬಾಯಲ್ಲಿದ್ದ ಮಾತು ನಾಯಕನ ಪೋಸ್ಟರಿಗೆ ಏರಿತು. ಅಷ್ಟು ಹೊತ್ತಿಗೆ ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೆ ಕಳವಳ ಹುಟ್ಟಿಸುವುದು ಇದೇ.

ಹುಡುಗಿಯರನ್ನು ಕಾಡುವುದನ್ನು ಸಿನಿಮಾ ಕಲಿಸುತ್ತದೆಯೇ ಎಂಬ ಜಗಳ ಹಳೆಯದು. ‘ಅರ್ಜುನ್ ರೆಡ್ಡಿ’, ‘ಕಬೀರ್ ಸಿಂಗ್’ ಬಂದಾಗ ಅದು ಜೋರಾಗಿ ನಡೆಯಿತು. ಮಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ನಾಯಕ ಹೊಸದಾಗಿ ಸೇರಿದ ಹುಡುಗಿಯನ್ನು ತನ್ನವಳೆಂದು ಘೋಷಿಸಿಬಿಡುವ ‘ಅರ್ಜುನ್ ರೆಡ್ಡಿ’ಯ ದೃಶ್ಯದ ಬಗ್ಗೆ ಪುಟಗಟ್ಟಲೆ ಬರಹ ಬಂತು. ಬರಬೇಕಾದ್ದೇ. ಆದರೆ ಆ ನಾಯಕ ಕೋಪಿಷ್ಠ, ಕುಡುಕ. ಅವನಲ್ಲೇನೋ ಕೆಟ್ಟಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ. ನನ್ನ ತಕರಾರು ಇರುವುದು ಮನೆಮಂದಿಯೆಲ್ಲ ಕೂತು ನೋಡುವ, ನಗಿಸುವ ಪ್ರೇಮಚಿತ್ರಗಳ ಬಗ್ಗೆ. ಅಲ್ಲಿ ಅದೇ ಕೆಲಸ ನಗುವಿನಲ್ಲಿ ಮುಚ್ಚಿಹೋಗುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ನಕ್ಕ ಮೇಲೆ ತಪ್ಪು ಎನ್ನುವುದಕ್ಕೆ ಬಾಯಿ ಬರುವುದಿಲ್ಲ.

ಆ ಚಿತ್ರಗಳ ಮೊದಲರ್ಧ ನಮಗೆಲ್ಲ ಬಾಯಿಪಾಠ. ಹುಡುಗಿ ಕಣ್ಣಿಗೆ ಬೀಳುತ್ತಾಳೆ, ಕೂಡಲೇ ಹಾಡು. ಆಮೇಲೆ ಅವಳ ಮನೆ ಎಲ್ಲಿ, ಯಾವ ಬಸ್ಸಿಗೆ ಹತ್ತುತ್ತಾಳೆ, ಯಾವ ದೇವಸ್ಥಾನಕ್ಕೆ ಯಾವ ವಾರ ಹೋಗುತ್ತಾಳೆ ಎಂಬ ಪತ್ತೇದಾರಿ. ಅವಳು ಬೈಯುತ್ತಾಳೆ, ಅವನು ಹಲ್ಲು ಕಿರಿಯುತ್ತಾನೆ. ಅವಳು ಕೆನ್ನೆಗೆ ಬಾರಿಸುತ್ತಾಳೆ, ಅವನು ಕೆನ್ನೆ ಸವರಿಕೊಂಡು ಗೆಳೆಯರ ಕಡೆ ತಿರುಗಿ ಕಣ್ಣು ಹೊಡೆಯುತ್ತಾನೆ. ಪಕ್ಕದಲ್ಲಿರುವ ಕಾಮಿಡಿ ನಟನನ್ನು ಸ್ವಲ್ಪ ಗಮನಿಸಿ. ಚಿತ್ರದ ಅತಿ ಮುಖ್ಯ ಕೆಲಸ ಮಾಡುವವನು ಅವನೇ. ‘ಬೈದಳು ಅಂದ್ರೆ ಬಿದ್ದಳು ಅಂತಾನೇ ಅರ್ಥ ಗುರೂ’ ಎಂಬ ಧಾಟಿಯ ಮಾತು ಅವನ ಬಾಯಿಂದಲೇ ಬರುತ್ತದೆ. ಹುಡುಗಿ ಆಡಿದ ಮಾತಿನ ಅರ್ಥವನ್ನು ಹುಡುಗಿಯಿಂದ ಕಿತ್ತು ಗೆಳೆಯರ ಗುಂಪಿಗೆ ಒಪ್ಪಿಸುವವನು ಅವನು. ಅಲ್ಲಿಂದಾಚೆಗೆ ಅವಳು ಏನಂದರೂ ಅದು ಒಪ್ಪಿಗೆಯ ಲೆಕ್ಕಕ್ಕೆ ಜಮೆ. ಸುಮ್ಮನಿದ್ದರೆ ನಾಚಿಕೆ, ರೇಗಿದರೆ ಹುಸಿಮುನಿಸು, ಅತ್ತರೆ ಕರಗಿದ ಗುರುತು. ಇಂಟರ್ವಲ್ ಹೊತ್ತಿಗೆ ಅವಳಿಗೆ ಅವನ ಒಳ್ಳೆಯತನ ತಿಳಿಯುತ್ತದೆ. ಅನಾಥಾಶ್ರಮದ ಮಕ್ಕಳಿಗೆ ಊಟ ಹಾಕುವುದನ್ನೋ ಮುದುಕಿಯೊಬ್ಬಳನ್ನು ರಸ್ತೆ ದಾಟಿಸುವುದನ್ನೋ ಅವಳು ದೂರದಿಂದ ಕಾಣುತ್ತಾಳೆ. ಬೆನ್ನಟ್ಟಿದ್ದಕ್ಕೆಲ್ಲ ಅಲ್ಲಿಗೆ ಮಾಫಿ.

ಈಗ ಕಾನೂನು ನೋಡೋಣ. ದೆಹಲಿಯ 2012ರ ಡಿಸೆಂಬರಿನ ಅತ್ಯಾಚಾರದ ನಂತರ, 2013ರಲ್ಲಿ ಭಾರತೀಯ ದಂಡಸಂಹಿತೆಗೆ 354ಡಿ ಎಂಬ ಕಲಂ ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮಹಿಳೆ ತನಗೆ ಆಸಕ್ತಿ ಇಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಆಕೆಯನ್ನು ಹಿಂಬಾಲಿಸಿದರೆ, ಮತ್ತೆ ಮತ್ತೆ ಸಂಪರ್ಕಿಸಲು ನೋಡಿದರೆ ಅದು ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಮೇಲೆ ಹೇಳಿದ ಮೊದಲರ್ಧವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ನಾಯಕನ ದಿನಚರಿಯೇ ಚಾರ್ಜ್‌ಶೀಟ್ ಆಗುತ್ತದೆ.

ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಕೊನೆಯ ಪೀರಿಯಡ್ಡಿಗೆ ಕೂರದ ಹುಡುಗಿಯೊಬ್ಬಳಿದ್ದಳು. ಓದಿನಲ್ಲಿ ಚುರುಕು, ಅಕೌಂಟೆನ್ಸಿಯಲ್ಲಿ ಎಲ್ಲರಿಗಿಂತ ಮುಂದೆ. ಕರೆದು ಕೇಳಿದರೆ ಬಾಯಿ ಬಿಡಲಿಲ್ಲ. ಆಮೇಲೆ ತಿಳಿಯಿತು, ನಾಲ್ಕೂವರೆ ಬಸ್ಸಿಗೆ ಒಬ್ಬ ಹುಡುಗ ಹತ್ತುತ್ತಿದ್ದ. ಮೈ ಮುಟ್ಟಿದವನಲ್ಲ, ಬೈದವನೂ ಅಲ್ಲ. ಹಿಂದಿನ ಸೀಟಿನಲ್ಲಿ ಕೂತು ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕುತ್ತಿದ್ದ, ಅಷ್ಟೇ. ಅವನ ಗೆಳೆಯರು ಅವಳನ್ನು ‘ಅತ್ತಿಗೆ’ ಎಂದು ಕೂಗುತ್ತಿದ್ದರು. ಸಿನಿಮಾದಲ್ಲಿ ನಾಯಕನ ಪಟಾಲಂ ಕೂಗುವುದೂ ಹಾಗೆಯೇ. ಅವಳು ಒಪ್ಪುವ ಮೊದಲೇ ಸಂಬಂಧ ಕುದುರಿಸಿಬಿಡುವ ಕೂಗು ಅದು. ಆ ಬಸ್ಸಿನಲ್ಲಿದ್ದ ಅವಳ ಊರಿನವರ ಕಿವಿಗೂ ಬೀಳುವಂಥದ್ದು. ‘ಅಪ್ಪಂಗೆ ಮಾತ್ರ ಹೇಳ್ಬೇಡಿ ಮಿಸ್, ಕಾಲೇಜು ಬಿಡಿಸ್ತಾರೆ’ ಎಂದಳು. ಹೇಳಿದರೆ ಓದು ನಿಲ್ಲುತ್ತದೆ, ಹೇಳದಿದ್ದರೆ ಕೊನೆಯ ಪೀರಿಯಡ್ ಹೋಗುತ್ತದೆ. ಅವಳು ಪೀರಿಯಡ್ ಬಿಟ್ಟಳು. ಆ ಹುಡುಗನನ್ನೂ ನಾನು ಬಲ್ಲೆ. ಕೆಟ್ಟವನೇನಲ್ಲ, ತಾನು ಪ್ರೀತಿಸುತ್ತಿದ್ದೇನೆ ಎಂದು ಮನಸಾರೆ ನಂಬಿದ್ದ. ಅವನಿಗೆ ಬೇರೆ ರೀತಿಯ ಪ್ರೀತಿಯನ್ನು ಯಾರಾದರೂ ತೋರಿಸಿದ್ದರೆ ತಾನೇ?

ಚಿತ್ರಗಳು ಇದರ ಈ ಬದಿಯನ್ನು ತೋರಿಸುವುದೇ ಇಲ್ಲ. ಕ್ಯಾಮೆರಾ ಯಾವಾಗಲೂ ಹಿಂದಿನ ಸೀಟಿನಲ್ಲಿ ಹುಡುಗನ ಜೊತೆಗೇ ಕೂತಿರುತ್ತದೆ. ಮುಂದಿನ ಸೀಟಿನಲ್ಲಿ ಬೆನ್ನು ಸೆಟೆಸಿ ಕೂತವಳ ಮಡಿಲಿನಲ್ಲಿ ಕೈ ಹೇಗೆ ಬಿಗಿದುಕೊಂಡಿದೆ ಎಂದು ಅದು ಒಂದು ಸಲವೂ ಬಗ್ಗಿ ನೋಡುವುದಿಲ್ಲ.

2016ರ ಜೂನ್‌ನಲ್ಲಿ ಚೆನ್ನೈನ ನುಂಗಂಬಾಕ್ಕಂ ರೈಲು ನಿಲ್ದಾಣದಲ್ಲಿ, ಕೆಲಸಕ್ಕೆ ಹೊರಟಿದ್ದ ಯುವತಿಯೊಬ್ಬಳ ಕೊಲೆ ಬೆಳ್ಳಂಬೆಳಗ್ಗೆ ಜನರ ಕಣ್ಣೆದುರೇ ನಡೆಯಿತು. ಹಿಂಬಾಲಿಸುತ್ತಿದ್ದವನ ಮೇಲೆ ಪೊಲೀಸರು ಆರೋಪ ಹೊರಿಸಿದರು. ತಮಿಳು ಚಿತ್ರರಂಗ ತನ್ನ ಪ್ರೇಮಕಥೆಗಳ ಬಗ್ಗೆ ಉತ್ತರ ಕೊಡಬೇಕಾಗಿ ಬಂದ ಹೊತ್ತು ಅದು. ಅದೇ ವರ್ಷ ಅಕ್ಟೋಬರಿನಲ್ಲಿ ‘ರೆಮೋ’ ಬಂತು. ಮದುವೆ ನಿಶ್ಚಯವಾದ ವೈದ್ಯೆಯನ್ನು ಒಲಿಸಿಕೊಳ್ಳಲು ನಾಯಕ ನರ್ಸಿನ ವೇಷ ಹಾಕಿ ಅವಳ ಆಸ್ಪತ್ರೆಗೇ ಸೇರಿ, ಅವಳ ಗೆಳತಿಯಾಗಿ, ಆ ಸಂಬಂಧವನ್ನು ಮುರಿಯುವ ಹಾಸ್ಯಚಿತ್ರ. ಚಿತ್ರ ಗೆದ್ದಿತು. ಹಿಂದಿಯ ‘ಬದ್ರಿನಾಥ್ ಕಿ ದುಲ್ಹನಿಯಾ’ ಮರುವರ್ಷದ್ದು. ಕೆಲಸಕ್ಕಾಗಿ ಸಿಂಗಪುರ ಸೇರಿದ ಹುಡುಗಿಯನ್ನು ನಾಯಕ ಕಾರಿನ ಡಿಕ್ಕಿಗೆ ತುರುಕಿ ಒಯ್ಯುವ ದೃಶ್ಯ ಅದರಲ್ಲಿದೆ. ಮುಂದೆ ಅವನಿಗೆ ಬುದ್ಧಿ ಬರುತ್ತದೆ, ಅವಳೂ ಒಲಿಯುತ್ತಾಳೆ. ನಮ್ಮ ಹುಬ್ಬಳ್ಳಿಯಲ್ಲಿ 2024ರ ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಇಬ್ಬರು ಹುಡುಗಿಯರು ಪರಿಚಿತ ಯುವಕರ ಚಾಕುವಿಗೆ ಬಲಿಯಾದರು. ಒಂದು ಕೊಲೆ ಕಾಲೇಜಿನ ಆವರಣದಲ್ಲಿ, ಇನ್ನೊಂದು ಮನೆಗೇ ನುಗ್ಗಿ. ಈ ಕೊಲೆಗಳನ್ನು ಯಾವುದೋ ಒಂದು ಸಿನಿಮಾ ಮಾಡಿಸಿತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಸುಳ್ಳಾಗುತ್ತದೆ. ಬೇಡ ಎಂದವಳನ್ನು ಬಿಟ್ಟು ನಡೆಯುವುದು ಗಂಡಸಿಗೆ ಅವಮಾನ ಎಂಬ ನಂಬಿಕೆಗೆ ವಾರವಾರವೂ ನೀರೆರೆಯುವವರು ಯಾರು ಎಂದು ಕೇಳುತ್ತಿದ್ದೇನೆ.

‘ಸಿನಿಮಾ ನೋಡಿ ಯಾರೂ ಕೆಡಲ್ಲ, ಅದು ಬರೀ ಮನರಂಜನೆ’ ಎಂಬ ಉತ್ತರ ಗಾಂಧಿನಗರದಲ್ಲಿ ಯಾವಾಗಲೂ ಸಿದ್ಧವಿರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಕಾರಣವನ್ನು ಗಾಂಧಿನಗರವೇ ಕೊಟ್ಟಿದೆ. ‘ನಾಗರಹಾವು’ ಬಂದ 1972ರಲ್ಲೇ ‘ಬಂಗಾರದ ಮನುಷ್ಯ’ವೂ ಬಂತು. ಅದನ್ನು ನೋಡಿ ಪಟ್ಟಣ ಸೇರಿದ್ದ ಯುವಕರು ಊರಿಗೆ ಮರಳಿ ನೇಗಿಲು ಹಿಡಿದರು ಎಂದು ಇವತ್ತಿಗೂ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅಭಿಮಾನಿಗಳು ಕಲಿತಾರು ಎಂದು ರಾಜ್‌ಕುಮಾರ್ ತೆರೆಯ ಮೇಲೆ ಕುಡಿತ, ಸಿಗರೇಟುಗಳಿಂದ ಬಹುಮಟ್ಟಿಗೆ ದೂರವೇ ಉಳಿದರು ಎಂದು ಹೊಗಳುತ್ತಾರೆ. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡು ಅವರ ಕಣ್ಣುಗಳು ದಾನವಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರು ರಾಜ್ಯದಾದ್ಯಂತ ಸಾಲುಗಟ್ಟಿದ್ದನ್ನು ನಾವೆಲ್ಲ ಕಂಡಿದ್ದೇವೆ. ತೆರೆಯ ಮೇಲಿನ ಮನುಷ್ಯನಿಂದ ನೇಗಿಲು ಹಿಡಿಯುವುದನ್ನು ಕಲಿತ ಜನ, ಹುಡುಗಿಯ ಬೆನ್ನು ಹತ್ತುವುದನ್ನು ಮಾತ್ರ ಕಲಿಯುವುದಿಲ್ಲವೇ? ಒಳ್ಳೆಯದರ ಕೀರ್ತಿ ಬೇಕು, ಕೆಟ್ಟದ್ದರ ಹೊಣೆ ಬೇಡ ಎಂದರೆ ನಡೆಯದು.

ಸಿನಿಮಾವೇ ಕಲಿಸಿತು ಎಂಬ ಸಬೂಬು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇಬ್ಬರು ಮಹಿಳೆಯರನ್ನು ಕಾಡಿದ ಭಾರತೀಯ ಸೆಕ್ಯುರಿಟಿ ಗಾರ್ಡ್ ಒಬ್ಬನ ಪರವಾಗಿ, ಇವನು ಬಾಲಿವುಡ್ ಚಿತ್ರಗಳನ್ನು ನೋಡಿ ಬೆಳೆದವನು, ಹುಡುಗಿಯ ಬೆನ್ನು ಬಿಡದಿದ್ದರೆ ಅವಳು ಒಲಿಯುತ್ತಾಳೆ ಎಂದು ನಂಬಿದ್ದ ಎಂದು ವಕೀಲರು 2015ರಲ್ಲಿ ವಾದಿಸಿದರು. ಅವನು ಜೈಲಿನಿಂದ ಪಾರಾದ. ನಮ್ಮ ಪ್ರೇಮಕಥೆಗಳು ಹೊರದೇಶದ ಕೋರ್ಟಿನಲ್ಲಿ ಆರೋಪಿಯ ರಕ್ಷಣೆಗೆ ನಿಂತವು ಎಂಬುದು ನಾಚಿಕೆಯ ಸಂಗತಿ.

ಹಾಗಾದರೆ ಬೆನ್ನು ಬಿಟ್ಟು ಹೋಗುವ, ತ್ಯಾಗ ಮಾಡುವ ನಾಯಕ ವಾಸಿಯೇ? ಇಲ್ಲಿ ‘ಮುಂಗಾರು ಮಳೆ’ಯ ಬಗ್ಗೆ ಮಾತಾಡಲೇಬೇಕು. 2006ರ ಕೊನೆಗೆ ಬಂದು, ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೀರಿ ಓಡಿದ ಚಿತ್ರ. ನನಗೂ ಇಷ್ಟದ ಚಿತ್ರವೇ. ಅದರ ಮಳೆ, ಅದರ ಕೊಡಗು, ಗಣೇಶ್ ಅವರ ತಡೆಯಿಲ್ಲದ ಮಾತು, ಯೋಗರಾಜ್ ಭಟ್ಟರು ಹೊಸದಾಗಿ ತಂದ ಸಂಭಾಷಣೆಯ ಗತ್ತು ಎಲ್ಲವೂ ಚೆಂದ. ನಾಯಕ ಪ್ರೀತಮ್ ದುಷ್ಟನಲ್ಲ. ಮದುವೆ ಗೊತ್ತಾದ ನಂದಿನಿಯ ಹಿಂದೆ ಅವನು ಬೀಳುತ್ತಾನೆ, ಕೊನೆಗೆ ಅವಳೂ ಅವನನ್ನು ಪ್ರೀತಿಸುತ್ತಾಳೆ. ಆಗ ಏನಾಗುತ್ತದೆ? ಅನಂತನಾಗ್ ಮಾಡಿದ ಕರ್ನಲ್ ಅಪ್ಪ ಹೃದ್ರೋಗಿ, ಮಗಳ ಮದುವೆಯ ಮೇಲೇ ಜೀವ ಇಟ್ಟುಕೊಂಡವನು. ಪ್ರೀತಮ್ ತನ್ನೊಳಗೇ ತೀರ್ಮಾನಿಸಿ ಹಿಂದೆ ಸರಿಯುತ್ತಾನೆ, ನಂದಿನಿ ಮೊದಲೇ ಗೊತ್ತಾಗಿದ್ದ ವರ ಗೌತಮನನ್ನು ಮದುವೆಯಾಗುತ್ತಾಳೆ. ನಾವು ಅಳುವುದು ಪ್ರೀತಮ್‌ಗಾಗಿ, ಅವನ ಮೊಲ ದೇವದಾಸನಿಗಾಗಿ. ನಂದಿನಿಗಾಗಿ ಯಾರು ಅತ್ತರು? ಒಬ್ಬನನ್ನು ಪ್ರೀತಿಸಿ, ಕಾರಣವೂ ಪೂರ್ತಿ ತಿಳಿಯದೆ, ಇನ್ನೊಬ್ಬನ ಜೊತೆ ಬಾಳಲು ಹೊರಟವಳು ಅವಳು. ಅವಳ ಬದುಕಿನ ಅತಿ ದೊಡ್ಡ ತೀರ್ಮಾನವನ್ನು ಗಂಡಸರೇ ತೆಗೆದುಕೊಂಡರು, ಅವಳನ್ನು ಕೂರಿಸಿಕೊಂಡು ನಿನಗೇನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಬೆನ್ನು ಹತ್ತುವ ಕಥೆಗೂ ತ್ಯಾಗದ ಕಥೆಗೂ ಬೇರು ಒಂದೇ, ಹುಡುಗಿಯ ಮಾತು ಎರಡರಲ್ಲೂ ಲೆಕ್ಕಕ್ಕಿಲ್ಲ.

ಜಂಭದ ಹುಡುಗಿಯ ಸೊಕ್ಕಿಳಿಸುವ ಕಥೆಗಳೂ ಇದೇ ಬಳಗದವು. ಷೇಕ್ಸ್‌ಪಿಯರನ ‘ದ ಟೇಮಿಂಗ್ ಆಫ್ ದ ಶ್ರೂ’ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕವಾಗಿ, ಅಲ್ಲಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಗಿ ನಮ್ಮಲ್ಲಿಗೆ ಬಂತು. ಆ ಚಿತ್ರದಲ್ಲಿ ಬೆಳಕಿಗೆ ಬಂದ ಮಾಲಾಶ್ರೀ ಮುಂದೆ ತಾವೇ ಲಾಠಿ ಹಿಡಿದು ಖಳರನ್ನು ಅಟ್ಟಿಸಿಕೊಂಡು ಹೋಗುವ ನಾಯಕಿಯಾಗಿ ಚಿತ್ರಮಂದಿರ ತುಂಬಿಸಿದರು. ಸೊಕ್ಕಿಳಿಯದ ಹೆಣ್ಣನ್ನೂ ದುಡ್ಡು ಕೊಟ್ಟು ನೋಡಲು ಪ್ರೇಕ್ಷಕರು ಸಿದ್ಧರಿದ್ದಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಬೇರೆ ಥರ ಬರೆಯಲು ಬರುವುದಿಲ್ಲ ಎಂಬ ಮಾತನ್ನೂ ನಾನು ನಂಬುವುದಿಲ್ಲ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ 1990ರದ್ದು. ಒಂದು ವಠಾರ, ಅದರ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು, ಬಾಡಿಗೆಗೆ ಇರುವ ಗಣೇಶನಾಗಿ ಅನಂತನಾಗ್, ಮಾಲೀಕನ ಮಗಳಾಗಿ ವಿನಯಾ ಪ್ರಸಾದ್. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅವನು ಒಂದು ಅಂದರೆ ಅವಳು ಎರಡು ಅನ್ನುತ್ತಾಳೆ, ಅವನು ತಂಟೆ ಮಾಡಿದರೆ ಅವಳು ಬಡ್ಡಿ ಸಮೇತ ತೀರಿಸುತ್ತಾಳೆ. ಆದರೆ ಅವನು ಯಾರ ಹಾಡಿಗೆ ಮರುಳಾಗಿ ಕಾಗದ ಬರೆಯುತ್ತಿದ್ದಾನೋ ಅವಳು ಇವಳೇ, ಇವಳು ಯಾರ ಕಾಗದಕ್ಕಾಗಿ ಕಾಯುತ್ತಿದ್ದಾಳೋ ಅವನು ಅವನೇ. ಇಬ್ಬರಿಗೂ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ಅಲ್ಲಿ ನಗು ಹುಟ್ಟುವುದು ಈ ಗೊತ್ತಿಲ್ಲದಿರುವಿಕೆಯಿಂದ. ಕಾಗದಕ್ಕೆ ಉತ್ತರ ಬರೆಯುವುದೂ ಬಿಡುವುದೂ ಅವಳ ಕೈಯಲ್ಲಿತ್ತು. ಬರೆದದ್ದು ಬರೆಯಬೇಕು ಅನಿಸಿದ್ದರಿಂದ. ಮೂವತ್ತು ವರ್ಷ ದಾಟಿದರೂ ಆ ಚಿತ್ರ ಟಿವಿಯಲ್ಲಿ ಬಂದರೆ ಮನೆಯವರೆಲ್ಲ ಕೂರುತ್ತಾರೆ. ಅದರ ಜಗಳಗಳಲ್ಲಿ ಜೀವವಿದೆ, ಏಕೆಂದರೆ ಜಗಳಕ್ಕೆ ಇಬ್ಬರಿದ್ದಾರೆ. ಬೆನ್ನಟ್ಟುವ ಚಿತ್ರದಲ್ಲಿ ಇರುವುದು ಒಬ್ಬನೇ ಮನುಷ್ಯ. ನಾಯಕಿಗೆ ಓದು, ಕೆಲಸ, ಹಟ, ಹಾಸ್ಯಪ್ರಜ್ಞೆ ಯಾವುದನ್ನೂ ಬರೆದಿರುವುದಿಲ್ಲ. ಮೊದಲರ್ಧದ ಆ ಖಾಲಿಯನ್ನು ತುಂಬಲು ಬೈಕು, ಬಸ್‌ಸ್ಟಾಪು, ಕಪಾಳಮೋಕ್ಷ ಬೇಕಾಗುತ್ತವೆ.

ಇದಕ್ಕೆ ಸೆನ್ಸಾರಿನ ಕತ್ತರಿ ಬೇಕೆಂದು ನಾನು ಕೇಳುವುದಿಲ್ಲ. ಕತ್ತರಿಗೆ ಚುಂಬನ ಕಾಣುತ್ತದೆ, ಬಲವಂತ ಕಾಣುವುದಿಲ್ಲ. ಧೂಮಪಾನದ ಎಚ್ಚರಿಕೆಯಂತೆ ಪರದೆಯ ಮೂಲೆಯಲ್ಲಿ ಒಂದು ಸಾಲು ಹಾಕಿಸಿದರೂ ನಾಯಕನ ನಗುವಿನ ಮುಂದೆ ಅದನ್ನು ಓದುವವರಿಲ್ಲ. ಆದರೆ ಸರ್ಕಾರದ ಸಹಾಯಧನದ ಮಾತು ಬೇರೆ. ಗುಣಾತ್ಮಕ ಚಿತ್ರಗಳೆಂದು ಆರಿಸಿ ಕೊಡುವ ಆ ಹಣ ನಮ್ಮದು, ಆ ಬಸ್ಸಿನ ಹುಡುಗಿಯ ಅಪ್ಪನದ್ದೂ ಹೌದು. ಬೇಡವೆಂದವಳನ್ನು ಕಾಡಿ ಗೆಲ್ಲುವುದನ್ನೇ ಸಂಭ್ರಮಿಸುವ ಚಿತ್ರದಲ್ಲಿ ಯಾವ ಗುಣ ಕಂಡಿರಿ ಎಂದು ಆಯ್ಕೆ ಸಮಿತಿ ಬರವಣಿಗೆಯಲ್ಲಿ ಉತ್ತರಿಸಬೇಕು. ಇದರಿಂದ ಯಾವ ಚಿತ್ರವೂ ನಿಷೇಧವಾಗುವುದಿಲ್ಲ. ಸ್ವಂತ ದುಡ್ಡಿನಲ್ಲಿ ಮಾಡುವವರು ಮಾಡಿಕೊಳ್ಳಲಿ.

ಇನ್ನು ನಟರು. 2017ರಲ್ಲಿ ಕೇರಳದಲ್ಲಿ ನಟಿಯೊಬ್ಬರ ಮೇಲೆ ದೌರ್ಜನ್ಯ ನಡೆದಾಗ ಮಲಯಾಳಂ ನಟ ಪೃಥ್ವಿರಾಜ್ ಬಹಿರಂಗವಾಗಿ ಕ್ಷಮೆ ಕೇಳಿದರು. ಹೆಣ್ಣನ್ನು ಕೀಳು ಮಾಡುವ ಮಾತಿಗೆ ಚಪ್ಪಾಳೆ ಗಿಟ್ಟಿಸಿದವರಲ್ಲಿ ತಾನೂ ಒಬ್ಬ, ಇನ್ನು ಮುಂದೆ ತನ್ನ ಚಿತ್ರಗಳಲ್ಲಿ ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದರು. ಕಥೆ ಕೇಳುವ ಕೋಣೆಯಲ್ಲಿ ನಾಯಕ ನಟನ ಮಾತಿಗೆ ಎಷ್ಟು ತೂಕವಿದೆ ಎಂದು ಚಿತ್ರರಂಗದ ಎಲ್ಲರಿಗೂ ಗೊತ್ತು. ಈ ದೃಶ್ಯದಲ್ಲಿ ಅವಳು ಬೇಡ ಎಂದಿದ್ದಾಳಲ್ಲ, ನಾನು ಮತ್ತೆ ಯಾಕೆ ಅವಳ ಮನೆ ಮುಂದೆ ನಿಲ್ಲಬೇಕು ಎಂದು ಅವನು ಒಂದು ಸಲ ಕೇಳಿದರೆ ನಿರ್ದೇಶಕ ಆ ರಾತ್ರಿಯೇ ಬೇರೆ ದೃಶ್ಯ ಬರೆದು ತರುತ್ತಾನೆ. ಕನ್ನಡದ ದೊಡ್ಡ ನಟರಲ್ಲಿ ಯಾರಾದರೂ ಒಬ್ಬರು ಮುಂದಿನ ಚಿತ್ರದ ಟ್ರೇಲರ್ ಬಿಡುಗಡೆಯ ವೇದಿಕೆಯಲ್ಲಿ, ಮೈಕ್ ಹಿಡಿದು, ತಮ್ಮ ಅಭಿಮಾನಿಗಳ ಎದುರಿಗೇ ಈ ಮಾತು ಹೇಳಬೇಕು.