ದಫ್ ಬಾರಿಸುವವರಿದ್ದಾರೆ, ಕಾಪಾಡುವವರು ಬೇಕು

ಡಿಗ್ರಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ‘ಬಿ.ಎ. ಆಯ್ತು, ಇನ್ನೆಂತ ಮಾಡುವುದು?’ ಬಿ.ಕಾಂ. ಮಾಡಿದವರಿಗೆ ಸಿ.ಎ. ಉಂಟು, ಬ್ಯಾಂಕ್ ಉಂಟು, ಕಡೆಗೆ ಅಂಗಡಿಯ ಲೆಕ್ಕವಾದರೂ ಉಂಟು. ಬಿ.ಎ. ಮಾಡಿದ ಹುಡುಗಿಗೆ ಬಿ.ಎಡ್. ಇಲ್ಲವೇ ಮದುವೆ, ಹುಡುಗನಿಗೆ ವೀಸಾ. ಟೀಚರ್ ಕೆಲಸವೂ ಒಳ್ಳೆಯದೇ, ಗಲ್ಫಿನ ದುಡಿಮೆಯೂ ಹಲಾಲೇ. ಆದರೆ ಇತಿಹಾಸವನ್ನೋ ಕನ್ನಡವನ್ನೋ ಇಷ್ಟಪಟ್ಟು ಓದಿದ ಮಗುವಿಗೆ ಆ ಓದಿನಿಂದಲೇ ಅನ್ನ ಸಿಗುವ ದಾರಿ ಇನ್ನೊಂದು ಇರುವುದು ನಮ್ಮಲ್ಲಿ ಹೆಚ್ಚಿನ ತಂದೆ ತಾಯಿಗೆ ಗೊತ್ತಿಲ್ಲ.

ಅದರ ಹೆಸರು ಆರ್ಟ್ಸ್ ಅಡ್ಮಿನಿಸ್ಟ್ರೇಷನ್. ಕನ್ನಡದಲ್ಲಿ ಕಲಾ ಆಡಳಿತ ಎನ್ನಬಹುದು. ಡಿಗ್ರಿ ಮುಗಿಸಿದವರು ಮಾಡುವ ಸ್ನಾತಕೋತ್ತರ ಓದು. ಇದರಲ್ಲಿ ಚಿತ್ರ ಬಿಡಿಸಲು, ಹಾಡಲು ಕಲಿಸುವುದಿಲ್ಲ. ಹಾಡುವವರ, ಬರೆಯುವವರ, ಕೆತ್ತುವವರ ಕೆಲಸ ನಿಂತು ಹೋಗದಂತೆ ಹಣ, ಜಾಗ, ಕಾಗದಪತ್ರ, ಜನ ಎಲ್ಲವನ್ನೂ ಸಂಭಾಳಿಸುವುದು ಹೇಗೆ ಎಂದು ಕಲಿಸುತ್ತಾರೆ.

ಇದು ಅರ್ಥ ಆಗಲಿಕ್ಕೆ ನಮ್ಮ ಮೀಲಾದ್ ಕಾರ್ಯಕ್ರಮವನ್ನೇ ನೋಡಿ. ವೇದಿಕೆಯಲ್ಲಿ ಮಕ್ಕಳು ಹಾಡುತ್ತಾರೆ, ಭಾಷಣ ಮಾಡುತ್ತಾರೆ, ದಫ್ ತಂಡ ಬರುತ್ತದೆ. ಜನ ಅದನ್ನು ನೋಡಿ ಖುಷಿ ಪಡುತ್ತಾರೆ. ಅದರ ಹಿಂದೆ ಒಂದೂವರೆ ತಿಂಗಳು ಓಡಾಡಿದವರು ಬೇರೆಯೇ ಇರುತ್ತಾರೆ. ಚಂದಾ ಎತ್ತಿದವರು, ಶಾಮಿಯಾನ ಮತ್ತು ಮೈಕಿನವರ ಹತ್ತಿರ ರೇಟು ಮಾತಾಡಿದವರು, ಪೊಲೀಸ್ ಪರ್ಮಿಷನ್ ತಂದವರು, ಯಾವ ಮಗು ಎಷ್ಟು ಗಂಟೆಗೆ ಎಂದು ಪಟ್ಟಿ ಬರೆದವರು, ಕೊನೆಗೆ ಜಮಾಅತಿನ ಎದುರು ಪೈಸೆ ಪೈಸೆ ಲೆಕ್ಕ ಓದಿದವರು. ಈ ಕೆಲಸವನ್ನು ಎರಡು ವರ್ಷ ಶಾಸ್ತ್ರೀಯವಾಗಿ ಕಲಿಸಿದರೆ ಅದೇ ಕಲಾ ಆಡಳಿತ.

ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸ್ 1971ರಲ್ಲೇ ಶುರುವಾಗಿದೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲೂ ಉಂಟು. ಇಂಥ ಕೋರ್ಸುಗಳಲ್ಲಿ ಬಜೆಟ್ ಹಾಕುವುದು, ದಾನಿಗಳಿಗೆ ಮತ್ತು ಸರಕಾರಕ್ಕೆ ಅರ್ಜಿ ಬರೆಯುವುದು, ಕರಾರು ಪತ್ರ ಓದುವುದು, ಕೃತಿಸ್ವಾಮ್ಯದ ಕಾನೂನು, ಪ್ರಚಾರ ಇವೇ ಪಾಠ. ಇಂಟರ್ನ್‌ಶಿಪ್ ಓದಿನ ಒಂದು ಭಾಗ. ವಿದ್ಯಾರ್ಥಿ ಕ್ಲಾಸಿನಲ್ಲಿ ಕಲಿತದ್ದನ್ನು ಒಂದು ಮ್ಯೂಸಿಯಮ್ಮಿನ ಕಚೇರಿಯಲ್ಲೋ ರಂಗಮಂದಿರದ ಟಿಕೆಟ್ ಕೌಂಟರಿನಲ್ಲೋ ಕೂತು ಮಾಡಿ ನೋಡಬೇಕು. ಕುರ್ಚಿ ಜೋಡಿಸುವ ಕೆಲಸದಿಂದ ಹಿಡಿದು ಲಕ್ಷಗಟ್ಟಲೆಯ ಅನುದಾನದ ಅರ್ಜಿಯವರೆಗೆ ಎಲ್ಲದಕ್ಕೂ ಕೈ ಹಾಕಬೇಕು.

ಅಷ್ಟು ದೂರ ಹೋಗಲಿಕ್ಕೆ ನಮ್ಮಿಂದ ಆಗುವುದಿಲ್ಲ ಎನ್ನುವವರಿಗೆ ನಮ್ಮ ದೇಶದಲ್ಲೇ ಇದರ ಹತ್ತಿರದ ಓದು ಉಂಟು. ಮ್ಯೂಸಿಯಾಲಜಿ, ಅಂದರೆ ವಸ್ತು ಸಂಗ್ರಹಾಲಯ ನಡೆಸುವ ವಿದ್ಯೆ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1952ರಲ್ಲೇ ಇದಕ್ಕೆ ವಿಭಾಗ ತೆರೆಯಿತು, ದೇಶದಲ್ಲಿ ಅದೇ ಮೊದಲನೆಯದು. ನಮ್ಮವರಿಗೆ ಹೆಸರು ಚೆನ್ನಾಗಿ ಗೊತ್ತಿರುವ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲೂ ಮ್ಯೂಸಿಯಾಲಜಿ ವಿಭಾಗ ಉಂಟು. ನೊಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಕೇಂದ್ರ ಸರಕಾರದ್ದು. ಹಿಂದೆ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಎಂದಿದ್ದದ್ದು ಅದೇ. ಅಲ್ಲಿ ಹಳೆಯ ಕಾಗದ, ಬಟ್ಟೆ, ಮರವನ್ನು ಕೆಡದಂತೆ ರಕ್ಷಿಸುವುದನ್ನೂ ಕಲಿಸುತ್ತಾರೆ. ಮಗು ಅಲಿಗಢಕ್ಕೆ ಹೋಗಿದೆ ಎಂದರೆ ನಮ್ಮಲ್ಲಿ ವಕೀಲಿಕೆಗೋ ಡಾಕ್ಟರಿಕೆಗೋ ಎಂದೇ ಕೇಳುತ್ತಾರೆ. ಇದಕ್ಕೂ ಹೋಗಬಹುದು.

ಕೆಲಸ ಎಲ್ಲಿ ಎಂದು ಕೇಳುವ ಹಕ್ಕು ತಂದೆ ತಾಯಿಗೆ ಇದೆ. ಬೆಂಗಳೂರಿನಲ್ಲಿ 1993ರಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆ ಕಲಾವಿದರಿಗೂ ಸಂಶೋಧಕರಿಗೂ ಅನುದಾನ ಕೊಡುತ್ತದೆ. ಅಲ್ಲಿ ಅರ್ಜಿ ಪರಿಶೀಲಿಸುವವರು, ಯೋಜನೆ ನೋಡಿಕೊಳ್ಳುವವರು ಇದೇ ಬಗೆಯ ಕೆಲಸಗಾರರು. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ ತೆರೆಯಿತು. ನಮಗೆ ಒಂದು ರಾತ್ರಿಯ ರೈಲಿನ ದೂರದಲ್ಲಿರುವ ಕೊಚ್ಚಿಯಲ್ಲಿ 2012ರಿಂದ ಬಿಯೆನ್ನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ನಡೆಯುತ್ತಿದೆ. ಅದರ ಜೊತೆಗೆ ಕಾಲೇಜು ವಿದ್ಯಾರ್ಥಿಗಳ ಪ್ರದರ್ಶನವೂ ಇರುತ್ತದೆ.

ಗಲ್ಫಿನ ಕಡೆಯೂ ಒಮ್ಮೆ ನೋಡಿ. ದೋಹಾದಲ್ಲಿ 2008ರಲ್ಲಿ ಮ್ಯೂಸಿಯಂ ಆಫ್ ಇಸ್ಲಾಮಿಕ್ ಆರ್ಟ್ ತೆರೆಯಿತು. ಅಬುಧಾಬಿಯಲ್ಲಿ 2017ರಲ್ಲಿ ಲೂವ್ರ್. ನಮ್ಮ ಹಾಜಿಗಳು ಇಳಿಯುವ ಜಿದ್ದಾದ ಹಜ್ ಟರ್ಮಿನಲ್‌ನಲ್ಲೇ 2023ರಲ್ಲಿ ಇಸ್ಲಾಮಿಕ್ ಆರ್ಟ್ಸ್ ಬಿಯೆನ್ನಾಲೆ ಮೊದಲ ಸಲ ನಡೆಯಿತು. 2025ರ ಎರಡನೆಯದರಲ್ಲಿ ಕಅಬಾದ ಕಿಸ್ವಾವನ್ನು ಇಡಿಯಾಗಿ ಪ್ರದರ್ಶಿಸಿದರು. ಈ ಕಟ್ಟಡಗಳ ಎದುರಿನ ರಸ್ತೆಯಲ್ಲಿ ನಮ್ಮವರು ಎಷ್ಟೋ ವರ್ಷದಿಂದ ಗಾಡಿ ಓಡಿಸುತ್ತಿದ್ದಾರೆ, ಹತ್ತಿರದ ಕೆಫ್ಟೀರಿಯಾದಲ್ಲಿ ಚಾ ಮಾಡುತ್ತಿದ್ದಾರೆ. ಅರಬಿ ಓದಲು ಬರುವ, ಕುರ್‌ಆನಿನ ಲಿಪಿಯನ್ನು ಚಿಕ್ಕಂದಿನಿಂದ ಕಂಡ ನಮ್ಮ ಮಕ್ಕಳಿಗೆ ಒಂದು ಡಿಗ್ರಿ ಜೊತೆಯಾದರೆ ಆ ಕಟ್ಟಡದ ಒಳಗೂ ಕೆಲಸ ಕೇಳಬಹುದು.

ಕಷ್ಟವನ್ನೂ ಹೇಳಬೇಕು. ಈ ದಾರಿಯಲ್ಲಿ ಶುರುವಿನ ಸಂಬಳ ಎಂಜಿನಿಯರಿಗೆ ಸಿಗುವಷ್ಟು ಇರುವುದಿಲ್ಲ. ಎಷ್ಟೋ ಕೆಲಸ ವರ್ಷ, ಎರಡು ವರ್ಷದ ಗುತ್ತಿಗೆಯದು. ಸರಕಾರಿ ಮ್ಯೂಸಿಯಮ್ಮಿನ ಹುದ್ದೆಗೆ ಕಾಯಬೇಕಾಗುತ್ತದೆ. ಸಾಲ ಮಾಡಿ ವಿದೇಶಕ್ಕೆ ಕಳಿಸಿದರೆ ಸಾಲ ತೀರಿಸುವಷ್ಟರಲ್ಲಿ ಮನೆ ಸೋತು ಹೋದೀತು. ಹಾಗಾಗಿ ಮೊದಲು ಇಲ್ಲೇ ಓದಲಿ, ಇಲ್ಲೇ ಎರಡು ಮೂರು ವರ್ಷ ಕೆಲಸ ಮಾಡಲಿ. ಆಮೇಲೆ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಅದು ಅಮೆರಿಕದಲ್ಲಿ ಓದಲು ಸಿಗುವ ನೆರವು. ಅದರ ವಿಷಯಗಳ ಪಟ್ಟಿಯಲ್ಲಿ ಕಲೆ ಮತ್ತು ಸಂಸ್ಕೃತಿಯ ನಿರ್ವಹಣೆ ಎಂದೇ ಒಂದು ವಿಭಾಗ ಇದೆ. ಮೂರು ವರ್ಷದ ಕೆಲಸದ ಅನುಭವ ಅದಕ್ಕೆ ಬೇಕೇ ಬೇಕು. ಬ್ರಿಟನ್ನಿಗೆ ಹೋಗುವವರಿಗೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಕಲೆ ಮತ್ತು ಪರಂಪರೆಯ ವಿಷಯಗಳಿಗೆ ನೆರವು ಕೊಡುತ್ತದೆ.

‘ಉಸ್ತಾದರೇ, ಕಲೆ ಗಿಲೆ ಎಲ್ಲ ನಮಗೆ ಆಗ್ತದಾ?’ ಎಂದು ಕೇಳುವವರಿದ್ದಾರೆ. ಯಾವ ಕಾರ್ಯಕ್ರಮ ನಡೆಸಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಬುದ್ಧಿ ಕಲಿತ ಮಗುವಿಗೆ ಇರುತ್ತದೆ. ಕೈಬರಹದ ಮುಸ್ಹಫನ್ನು ಗೆದ್ದಲಿನಿಂದ ಉಳಿಸುವುದು, ಮಸೀದಿಯ ಹಳೆಯ ಮಿಂಬರಿನ ಕೆತ್ತನೆಯನ್ನು ದಾಖಲು ಮಾಡುವುದು, ಬುರ್ದಾ ಹೇಳುವ ಹಿರಿಯರ ದನಿಯನ್ನು ರೆಕಾರ್ಡ್ ಮಾಡಿ ಇಡುವುದು, ಇದಕ್ಕೆ ಯಾರ ತಕರಾರೂ ಇರಲಾರದು.

ನನ್ನ ಆತಂಕ ಇರುವುದೂ ಅಲ್ಲೇ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ಇವತ್ತಿಗೂ ಉಳಿದಿದೆ. ಹಳ್ಳಿಯ ಮಸೀದಿಗಳಲ್ಲಿ ಎಷ್ಟೋ ಕಡೆ ಹಳೆಯ ಬಾಗಿಲು, ಕಂಬ, ತೊಲೆಗಳನ್ನು ಕಾಂಕ್ರೀಟ್ ಕಟ್ಟಡ ಏಳುವಾಗ ಸೌದೆಯ ಬೆಲೆಗೆ ಮಾರಿ ಆಗಿದೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಬರೆದ ಮುಹ್ಯಿದ್ದೀನ್ ಮಾಲೆಯನ್ನು ನಮ್ಮ ಅಜ್ಜಿಯಂದಿರು ಬಾಯಿಪಾಠ ಹೇಳುತ್ತಿದ್ದರು. ಅಂಥ ಮಾಲೆಗಳ ಅರಬಿ ಮಲಯಾಳ ಲಿಪಿಯ ಹಳೆಯ ಪುಸ್ತಕಗಳು ಅಟ್ಟದ ಮೇಲೆ ಪುಡಿಯಾಗುತ್ತಿವೆ. 2009ರಲ್ಲಿ ರಾಜ್ಯ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಕೊಟ್ಟಿತು, 2011ರ ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಬರೆಯುವವರು, ಹಾಡುವವರು, ದಫ್ ಬಾರಿಸುವವರು ನಮ್ಮಲ್ಲಿ ಇದ್ದಾರೆ. ಅದನ್ನೆಲ್ಲ ಕೂಡಿಸಿ, ಪಟ್ಟಿ ಮಾಡಿ, ಮುಂದಿನವರಿಗೆ ಕೊಡುವ ವಿದ್ಯೆ ಕಲಿತವರು ಬೆರಳೆಣಿಕೆ.

ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮವನ್ನು ಎಷ್ಟು ಮಂದಿ ನೋಡಿದ್ದೀರಿ? ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಬೀಳಲಿಕ್ಕಾದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಒಬ್ಬ ಮನುಷ್ಯ ಹಟ ಹಿಡಿದರೆ ಇಷ್ಟು ಆಗುತ್ತದೆ. ನಮ್ಮ ಹಿರಿಯರ ಒಂದು ಮನೆಯನ್ನು, ಅದರ ಪೆಟ್ಟಿಗೆ ಪಾತ್ರೆಗಳ ಸಮೇತ, ಹೀಗೆ ಉಳಿಸುವ ಹಟ ನಮ್ಮಲ್ಲಿ ಯಾರಿಗೆ ಇದೆ?

ತಂದೆ ತಾಯಿಯವರಲ್ಲಿ ನನ್ನ ವಿನಂತಿ ಇಷ್ಟೇ. ರಜೆಯಲ್ಲಿ ಮಕ್ಕಳನ್ನು ಮಾಲ್‌ಗೆ ಕರೆದುಕೊಂಡು ಹೋಗುವ ಹತ್ತು ಸಲದಲ್ಲಿ ಒಂದು ಸಲ ಬಿಜೈ ಮ್ಯೂಸಿಯಂಗೆ, ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂಗೆ ಕರೆದುಕೊಂಡು ಹೋಗಿ. ಯಾವ ಮಗು ಗಾಜಿನ ಎದುರು ನಿಂತು ಚೀಟಿ ಓದುತ್ತದೆ ಎಂದು ಗಮನಿಸಿ. ಆ ಮಗು ಪಿಯುಸಿಯಲ್ಲಿ ಆರ್ಟ್ಸ್ ಕೇಳಿದರೆ ಬೈಯಬೇಡಿ. ಇಂಗ್ಲಿಷ್ ಗಟ್ಟಿ ಮಾಡಿಸಿ, ಲೆಕ್ಕ ಬರೆಯಲು ಕಲಿಸಿ. ಹೆಣ್ಣು ಮಗುವಾದರೂ ಇದೇ ಮಾತು.

ನಮ್ಮ ಜಮಾಅತ್ ಮತ್ತು ಟ್ರಸ್ಟ್‌ಗಳ ಹಿರಿಯರಿಗೂ ಒಂದು ಮಾತು. ಪ್ರತಿ ವರ್ಷ ನೀವು ಕೊಡುವ ವಿದ್ಯಾರ್ಥಿವೇತನದಿಂದ ಎಷ್ಟೋ ಬಡ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗಿದ್ದಾರೆ, ಅಲ್ಲಾಹನು ಅದಕ್ಕೆ ಪ್ರತಿಫಲ ಕೊಡಲಿ. ಆದರೆ ಬಿ.ಎ. ಮಾಡಿದ ಮಗು ಬಂದು ಅರ್ಜಿ ತೆಗೆದರೆ ಅದರಲ್ಲಿ ತುಂಬಿಸುವ ಜಾಗವೇ ಇರುವುದಿಲ್ಲ. ಮುಂದಿನ ವರ್ಷದ ಫಾರ್ಮ್‌ನಲ್ಲಿ ಮ್ಯೂಸಿಯಾಲಜಿ, ಕಲಾ ಆಡಳಿತ ಎಂದು ಒಂದು ಸಾಲು ಸೇರಿಸಿ. ಇಡೀ ಜಿಲ್ಲೆಗೆ ವರ್ಷಕ್ಕೆ ಒಬ್ಬರು ಹೋದರೂ ಹತ್ತು ವರ್ಷದಲ್ಲಿ ಹತ್ತು ಮಂದಿ ಆಗುತ್ತಾರೆ. ಅಟ್ಟದ ಮೇಲಿನ ಕಿತಾಬುಗಳಿಗೆ ಅಷ್ಟು ಮಂದಿ ಸಿಕ್ಕಿದರೂ ದೊಡ್ಡದು.