ಮೌನ ತಾಳಿದ ಕಡತ

ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಯೊಬ್ಬನಿದ್ದನೆಂದು ಇಟ್ಟುಕೊಳ್ಳಿ. ಅವನ ಹೃದಯದ ಕವಾಟ ಕೆಟ್ಟಿತು. ಸರಕಾರದ ಆರೋಗ್ಯ ಯೋಜನೆಯ ಕಾರ್ಡಿನ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಹದಿನೈದು ದಿನಗಳ ತರುವಾಯ ಆಸ್ಪತ್ರೆಯವರು ಅವನನ್ನು ಮನೆಗೆ ಕಳುಹಿಸಿದರು. ಅವರಿಗೆ ಸಲ್ಲಬೇಕಾದ ಹಣವೂ ಸಂದಿತು. ವಿಶ್ರಾಂತಿಗೆಂದು ಅವನು ಮಧುಗಿರಿಯ ಕಡೆಯ ತನ್ನ ಹುಟ್ಟೂರಿಗೆ ಹೋದನು. ಮೂರನೆಯ ತಿಂಗಳಿನ ಒಂದು ರಾತ್ರಿ, ಮನೆಯ ಜಗುಲಿಯ ಮೇಲೆಯೇ ಅವನ ಉಸಿರು ನಿಂತಿತು.

ಹೆಬ್ಬಾಳದ ಹೆಂಗಸೊಬ್ಬಳಿಗೂ ಅದೇ ವಾರದಲ್ಲಿ ಅದೇ ಚಿಕಿತ್ಸೆಯಾಯಿತು ಎನ್ನೋಣ. ಆಕೆ ಚೆನ್ನಾಗಿ ಚೇತರಿಸಿಕೊಂಡು, ಮಗನೊಡನೆ ಶಿವಮೊಗ್ಗಕ್ಕೆ ಹೋಗಿ ನೆಲೆಸಿದಳು. ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರಮೇಯವೇ ಆಕೆಗೆ ಬರಲಿಲ್ಲ.

ವರ್ಷ ಕಳೆದ ಮೇಲೆ ಇಬ್ಬರ ವಿಮೆಯ ಕಡತಗಳನ್ನು ಬಿಚ್ಚಿ ನೋಡಿದರೆ ಅವೆರಡೂ ಒಂದೇ ತೆರನಾಗಿ ತೋರುತ್ತವೆ. ಆಸ್ಪತ್ರೆಗೆ ಸೇರಿದ ದಿನ, ಚಿಕಿತ್ಸೆಯ ಹೆಸರು, ಬಿಡುಗಡೆಯ ದಿನ, ಪಾವತಿಯಾದ ಮೊಬಲಗು, ಅನಂತರ ಮೌನ. ಒಂದು ಕಡತದ ಮೌನಕ್ಕೆ ಆರೋಗ್ಯ ಕಾರಣ, ಇನ್ನೊಂದರ ಮೌನಕ್ಕೆ ಮರಣ ಕಾರಣ. ಇವೆರಡನ್ನು ಬೇರ್ಪಡಿಸುವುದು ಹೇಗೆ? ವೈದ್ಯ ಸಂಶೋಧಕರನ್ನು ಇಂದು ಕಾಡುತ್ತಿರುವ ಪ್ರಶ್ನೆಗಳಲ್ಲಿ ಇದೂ ಒಂದು.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನೂರು ಮಂದಿಗೆ ಒಂದು ಚಿಕಿತ್ಸೆ ನಡೆದು, ನಾಲ್ವರು ಆಸ್ಪತ್ರೆಯಲ್ಲಿಯೂ ಹತ್ತು ಮಂದಿ ಮನೆಗೆ ಹೋದ ಮೇಲೂ ತೀರಿಕೊಂಡರೆನ್ನಿ. ಆಸ್ಪತ್ರೆಯ ಸಾವುಗಳನ್ನು ಮಾತ್ರ ಎಣಿಸಿದವನು ತೊಂಬತ್ತಾರು ಮಂದಿ ಬದುಕಿದರೆಂದು ಬರೆಯುತ್ತಾನೆ; ಬದುಕಿದವರು ಎಂಬತ್ತಾರೇ. ಮುಂದಿನ ರೋಗಿಗೆ ಯಾವ ಚಿಕಿತ್ಸೆ ಮೇಲೆಂದು ವೈದ್ಯನು ನಿರ್ಧರಿಸುವುದು ಇಂಥ ಲೆಕ್ಕದ ಆಧಾರದ ಮೇಲೆಯೇ ಅಲ್ಲವೆ? ಅಷ್ಟೇ ಅಲ್ಲ, ಸಾಯುವ ರೋಗಿಯನ್ನು ಕಡೆಯವರೆಗೂ ಇಟ್ಟುಕೊಂಡು ಆರೈಕೆ ಮಾಡಿದ ಆಸ್ಪತ್ರೆ ಕಾಗದದ ಮೇಲೆ ಕೆಟ್ಟದ್ದಾಗಿಯೂ, ಅವನನ್ನು ಹಿಂದಿನ ದಿನವೇ ಮನೆಗೆ ಕಳುಹಿಸಿದ ಆಸ್ಪತ್ರೆ ಒಳ್ಳೆಯದಾಗಿಯೂ ಕಾಣಿಸಿಕೊಳ್ಳುತ್ತದೆ.

ನಮ್ಮ ನಾಡಿನಲ್ಲಿ ಈ ಕಡತಗಳಿಗೆ ಬರವಿಲ್ಲ. ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ ೨೦೦೩ರಲ್ಲಿ ‘ಯಶಸ್ವಿನಿ’ ಆರಂಭವಾಯಿತು. ಬಡ ಕುಟುಂಬಗಳಿಗಾಗಿ ೨೦೧೦ರಲ್ಲಿ ‘ವಾಜಪೇಯಿ ಆರೋಗ್ಯಶ್ರೀ’ ಬಂದಿತು. ೨೦೧೮ರಲ್ಲಿ ಹುಟ್ಟಿದ ‘ಆರೋಗ್ಯ ಕರ್ನಾಟಕ’ವು ಅದೇ ವರ್ಷ ಕೇಂದ್ರದ ‘ಆಯುಷ್ಮಾನ್ ಭಾರತ’ದೊಡನೆ ಕೂಡಿಕೊಂಡಿತು. ಆದರೆ ಈ ಯೋಜನೆಗಳ ಕಡತಗಳು ಹುಟ್ಟಿದ್ದು ಹಣದ ಲೆಕ್ಕಕ್ಕಾಗಿ. ರೋಗಿ ಆಸ್ಪತ್ರೆಯಲ್ಲಿಯೇ ತೀರಿಕೊಂಡರೆ ಕಡತಕ್ಕೆ ಅದು ತಿಳಿಯುತ್ತದೆ. ಹೊಸ್ತಿಲು ದಾಟಿದ ಮೇಲಿನದು ತಿಳಿಯದು. ವೈದ್ಯರು ಕೈ ಚೆಲ್ಲಿದಾಗ, ಕೊನೆಯುಸಿರು ಸ್ವಂತ ಮನೆಯಲ್ಲಿಯೇ ಹೋಗಲಿ ಎಂದು ರೋಗಿಯನ್ನು ಕರೆದೊಯ್ಯುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅಂಥ ರೋಗಿಯೂ ಕಡತದಲ್ಲಿ ‘ಬಿಡುಗಡೆ’ ಹೊಂದಿದವನೇ.

ಈ ಕೊರತೆಯನ್ನು ತುಂಬಬಲ್ಲ ಪುಸ್ತಕ ಇನ್ನೊಂದಿದೆ. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಪ್ರತಿಯೊಂದು ಮರಣವೂ ನೋಂದಣಾಧಿಕಾರಿಯ ಪುಸ್ತಕಕ್ಕೆ ಏರಬೇಕು. ಅದನ್ನೂ ಚಿಕಿತ್ಸೆಯ ಕಡತವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದರೆ ಹಮಾಲಿಯ ಮರಣ ಗೊತ್ತಾಗುತ್ತದೆ. ಅರ್ಬುದ ರೋಗದ ಮಟ್ಟಿಗೆ ಈ ಕೆಲಸ ನಮ್ಮಲ್ಲಿ ಹೊಸದೇನೂ ಅಲ್ಲ. ೧೯೮೧ರ ಕೊನೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭವಾದಾಗ, ಜನಸಮುದಾಯದ ಲೆಕ್ಕಕ್ಕೆಂದು ಆರಿಸಿದ ಮೊದಲ ಮೂರು ನಗರಗಳಲ್ಲಿ ಮುಂಬಯಿ, ಮದರಾಸುಗಳೊಡನೆ ಬೆಂಗಳೂರೂ ಒಂದು. ಇಲ್ಲಿಯ ಹೊಣೆಯನ್ನು ಹೊತ್ತದ್ದು ಕಿದ್ವಾಯಿ ಸಂಸ್ಥೆ. ದೇಶದ ಇಂಥ ನೋಂದಣಿಗಳನ್ನೆಲ್ಲ ಒಂದುಗೂಡಿಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ ಇರುವುದೂ ನಮ್ಮ ಉತ್ತರ ಬೆಂಗಳೂರಿನಲ್ಲಿಯೇ. ಹೆಬ್ಬಾಳ, ಯಲಹಂಕಗಳನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಹೋದರೆ, ವಿಮಾನ ನಿಲ್ದಾಣದ ತಿರುವಿನ ಬಳಿ, ಕನ್ನಮಂಗಲದಲ್ಲಿ. ಎಷ್ಟೋ ರೋಗಿಗಳು ನೋಂದಣಿಯವರ ಕಣ್ಣಿಗೆ ಮೊದಲ ಬಾರಿಗೆ ಬೀಳುವುದು ಮರಣಪತ್ರದಲ್ಲಿಯೇ.

ಆದರೆ ತಾಳೆ ನೋಡುವುದು ಹೇಳಿದಷ್ಟು ಸುಲಭವಲ್ಲ. ಆಸ್ಪತ್ರೆಯಲ್ಲಿ ‘ಲಕ್ಷ್ಮಮ್ಮ’ನಾಗಿದ್ದವಳು ಮರಣದ ಪುಸ್ತಕದಲ್ಲಿ ‘ಲಕ್ಷ್ಮೀದೇವಮ್ಮ’. ಒಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ತಂದೆಯ ಹೆಸರು. ವಯಸ್ಸಂತೂ ಐವತ್ತು, ಅರವತ್ತು ಎಂದು ಅಂದಾಜಿನದು. ನಿಯಮವನ್ನು ಬಿಗಿ ಮಾಡಿದರೆ ಸತ್ತವರು ಬದುಕಿದ್ದಾರೆಂದಾಗುತ್ತದೆ. ಸಡಿಲಿಸಿದರೆ ಬದುಕಿರುವ ಲಕ್ಷ್ಮಮ್ಮನನ್ನು ಲೆಕ್ಕದಲ್ಲಿ ಕೊಂದಂತಾಗುತ್ತದೆ. ಡೆನ್ಮಾರ್ಕ್ ದೇಶವು ೧೯೬೮ರಲ್ಲಿಯೇ ಪ್ರತಿಯೊಬ್ಬ ನಿವಾಸಿಗೂ ಒಂದು ಸಂಖ್ಯೆಯನ್ನು ಕೊಟ್ಟು ಈ ತೊಡಕನ್ನು ಬಿಡಿಸಿಕೊಂಡಿತು. ಅಮೆರಿಕದಲ್ಲಿ ೧೯೭೯ರಿಂದೀಚಿನ ಮರಣಗಳೆಲ್ಲ ಸಂಶೋಧಕರು ಹುಡುಕಬಹುದಾದ ಒಂದೇ ಸೂಚಿಯಲ್ಲಿವೆ. ಇನ್ನು ಸಾವಿನ ಕಾರಣದ ಮಾತು: ೨೦೨೦ರಲ್ಲಿ ಭಾರತದಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರು ಕಾರಣವನ್ನು ಬರೆದುಕೊಟ್ಟವು ಶೇಕಡ ೨೨.೫ ಮಾತ್ರ.

ತಾಳೆ ನೋಡಿಯೂ ತೀರದ ತೊಡಕೊಂದಿದೆ. ಆಸ್ಪತ್ರೆಗೆ ಬಾರದೆಯೇ ಸತ್ತವನಿಗೆ ಕಡತವೇ ಇರುವುದಿಲ್ಲ. ಹಾಗಾದರೆ ವಿಮೆ ಜೀವ ಉಳಿಸಿತೆ ಇಲ್ಲವೆ ಎಂಬುದನ್ನು ತಿಳಿಯುವ ಬಗೆ ಹೇಗೆ? ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಗೆ ಬಂದದ್ದು ರಾಜ್ಯದ ಉತ್ತರ ಭಾಗದಲ್ಲಿ. ಆ ಗಡಿಯ ಆಚೆ ಈಚೆ ಒಂದೇ ತೆರನಾದ ೫೭೨ ಗ್ರಾಮಗಳನ್ನು ಆರಿಸಿ, ಸುಮಾರು ೬೦,೦೦೦ ಕುಟುಂಬಗಳ ಮಾಹಿತಿಯನ್ನು ಸಂಶೋಧಕರು ಸಂಗ್ರಹಿಸಿದರು. ಮನೆಮನೆಗೆ ಹೋಗಿ ‘ಯಾರು ತೀರಿಕೊಂಡರು, ಯಾವುದರಿಂದ?’ ಎಂದು ಕೇಳಿದರು. ಫಲಿತಾಂಶ ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದಾದ ಮರಣ, ಯೋಜನೆಯಿದ್ದ ಊರುಗಳ ಬಡವರಲ್ಲಿ ಶೇಕಡ ೦.೩೨, ಇಲ್ಲದ ಊರುಗಳ ಬಡವರಲ್ಲಿ ಶೇಕಡ ೦.೯೦. ಯೋಜನೆಗೆ ಅರ್ಹರಲ್ಲದ ಅನುಕೂಲಸ್ಥರಲ್ಲಿ ಮಾತ್ರ ಎರಡು ಕಡೆಯೂ ಹೆಚ್ಚು ಕಡಮೆ ಒಂದೇ: ೦.೫೬ ಮತ್ತು ೦.೫೫. ಪಾವತಿಯ ಕಡತಗಳನ್ನೇ ನಂಬಿ ಕುಳಿತಿದ್ದರೆ ಈ ಸಂಗತಿ ಎಂದೂ ಹೊರಬೀಳುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಮನೆಯ ಸಾವು ಮನೆಯವರ ಸ್ವಂತ ದುಃಖ. ಅದನ್ನು ಅನ್ಯರು ಕಡತದಲ್ಲಿ ಹುಡುಕುವುದು ಸರಿಯೆ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೇ. ಆದುದರಿಂದ ಸಂಶೋಧಕನ ಕೈಗೆ ಹೆಸರು, ವಿಳಾಸಗಳು ಹೋಗಬೇಕಾಗಿಲ್ಲ. ತಾಳೆ ನೋಡುವವರು ಬೇರೆ, ಸಂಶೋಧಿಸುವವರು ಬೇರೆ ಎಂದು ಏರ್ಪಡಿಸಬಹುದು. ಮೊದಲಿನವರು ಹೆಸರನ್ನು ಅಳಿಸಿ, ಬರಿಯ ಸಂಖ್ಯೆಯನ್ನೂ ‘ಬದುಕಿದ್ದಾರೆ’ ಅಥವಾ ‘ಇಲ್ಲ’ ಎಂಬುದನ್ನೂ ಎರಡನೆಯವರಿಗೆ ಕೊಟ್ಟರೆ ಸಾಕು. ಕೆಲಸಕ್ಕೆ ಕೈಹಾಕುವ ಮೊದಲು ನೈತಿಕ ಸಮಿತಿಯ ಒಪ್ಪಿಗೆಯಂತೂ ಇರಲೇಬೇಕು.

ಸಾಮಾನ್ಯ ಗೃಹಸ್ಥನು ಮಾಡಬೇಕಾದುದು ಹೆಚ್ಚೇನಲ್ಲ. ಮರಣವನ್ನು ೨೧ ದಿನಗಳೊಳಗಾಗಿ ತಿಳಿಸಬೇಕು. ಕಾರ್ಡಿನಲ್ಲಿದ್ದ ಹೆಸರನ್ನೇ ಅಕ್ಷರ ತಪ್ಪದಂತೆ ಬರೆಯಿಸಬೇಕು. ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿಂದ ಕಾರಣದ ಪತ್ರವನ್ನು ಕೇಳಿ ಪಡೆಯಬೇಕು. ೨೦೨೩ರ ತಿದ್ದುಪಡಿಯ ಮೇರೆಗೆ ಅದರ ಪ್ರತಿ ಹತ್ತಿರದ ಬಂಧುವಿಗೆ ಸಿಗತಕ್ಕದ್ದು.

ಮಧುಗಿರಿಯ ಕಡೆಯ ಆ ಹಳ್ಳಿಯಲ್ಲಿ ಹಮಾಲಿಯ ಹೆಂಡತಿ ಹೀಗೆ ಒಂದು ಸಾಲನ್ನು ಬರೆಯಿಸಿದಳೆನ್ನಿ. ಅದರಿಂದ ಅವಳ ಗಂಡ ಮರಳಿ ಬರುವುದಿಲ್ಲ. ಆದರೆ ಆ ಕವಾಟದ ಚಿಕಿತ್ಸೆಯ ಲೆಕ್ಕದಲ್ಲಿ ಅವನು ಸುಳ್ಳಾಗಿ ಬದುಕಿರುವುದು ನಿಲ್ಲುತ್ತದೆ. ಅದೇ ಕಾಯಿಲೆಯಿಂದ ನಾಳೆ ಆಸ್ಪತ್ರೆಗೆ ಬರುವ ಇನ್ನೊಬ್ಬ ಹಮಾಲಿಗೆ, ಮೂರನೆಯ ತಿಂಗಳಲ್ಲಿ ಜೋಪಾನವೆಂದು ಹೇಳುವವರು ಇರುತ್ತಾರೆ.