ಅಪ್ಪನ ಕಿವಿ ಮತ್ತು ಹಳೇ ಹೋಂ ಥಿಯೇಟರ್

ಕಳೆದ ಸಂಕ್ರಾಂತಿಗೆ ಊರಿಗೆ ಹೊರಡೋಕೆ ಎರಡು ದಿನ ಮುಂಚೆ ಅಮ್ಮ ಫೋನ್ ಮಾಡಿದ್ಳು. ಎಳ್ಳು ಬೆಲ್ಲದ ಮಾತೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ, "ಅಪ್ಪಂಗೆ ಕಿವಿ ಮಂದ ಆಗ್ತಿದೆ ಕಣೋ. ನಿಂಗೆ ಹೇಳ್ಬೇಡ ಅಂದಿದಾರೆ" ಅಂದ್ಳು. ಯಾರಿಗೂ ಹೇಳದೆ ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸ್ಕೊಂಡೂ ಬಂದಿದ್ರಂತೆ. ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಹಾಗಿದೆ, ಮಿಷನ್ ಗಿಷನ್ ಏನೂ ಬೇಡ ಅಂದಿದ್ರಂತೆ. ಅಪ್ಪ ನಂಬಿರ್ಲಿಲ್ಲ. "ಸಿನಿಮಾದಲ್ಲಿ ಹಾಡು ಕೇಳ್ಸುತ್ತೆ, ಮಾತು ಕೇಳ್ಸಲ್ಲ. ಇದು ಕಿವೀದಲ್ದೆ ಇನ್ನೇನು?" ಅನ್ನೋದು ಅವರ ವಾದ.

ಎಂಜಿನಿಯರಿಂಗ್ ಓದಿದವನಿಗೆ ಆ ಒಂದು ವಾಕ್ಯದಲ್ಲೇ ಏನೋ ಹೊಳೀಬೇಕಿತ್ತು. ಹೊಳೀಲಿಲ್ಲ. ಹೊಟ್ಟೇಲಿ ಏನೋ ಸಂಕಟ ಆಯ್ತು ಅಷ್ಟೆ.

ನಮ್ಮದು ಗುಬ್ಬಿ. ಅಪ್ಪ ಪ್ರೌಢಶಾಲೆ ಮೇಷ್ಟ್ರಾಗಿದ್ದು ನಿವೃತ್ತರಾದವರು. 2005ರಲ್ಲಿ ಅರಿಯರ್ಸ್ ದುಡ್ಡು ಬಂದಾಗ ಒಂದು ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ತಂದಿದ್ರು. ನಾನಾಗ ಎರಡನೇ ಕ್ಲಾಸು. "1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ಕಣೋ ಇದು, ನಮ್ಮನೇಲೊಂದು ಥಿಯೇಟರ್ ಇರ್ಬೇಡ್ವಾ?" ಅಂತ ಬಂದವರಿಗೆಲ್ಲ ಹೇಳ್ತಿದ್ರು. ಅವತ್ತಿನಿಂದ ಇವತ್ತಿನವರೆಗೆ ಅಪ್ಪ ತಮಗೆ ಅಂತ ತಗೊಂಡ ಒಂದೇ ಒಂದು ದುಬಾರಿ ವಸ್ತು ಅದು. ಉಳಿದದ್ದೆಲ್ಲ ನಮಗೇ ಹೋಯ್ತು.

ಈಗ ನನ್ನ ಉಪಕಾರದ ಕಥೆ. ದೀಪಾವಳಿಗೆ ಬಂದಾಗ ಹಳೇ ಡಿವಿಡಿ ಪ್ಲೇಯರ್ ಕೈಕೊಟ್ಟಿತ್ತು. ಎಸ್.ಪಿ. ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬ್ಲೂ-ರೇ ಪ್ಲೇಯರ್ ಹುಡುಕಿ ತಂದಿದ್ದೆ. ಹಳೇ ಪ್ಲೇಯರ್ ಕೆಂಪು-ಬಿಳಿ ವೈರಿನಲ್ಲಿ ರಿಸೀವರಿಗೆ ಸೇರಿತ್ತು. ಛೆ, ಈ ಕಾಲದಲ್ಲೂ ಅನಲಾಗಾ ಅಂತ ಬಿಸಾಕಿ ಆಪ್ಟಿಕಲ್ ಕೇಬಲ್ ಹಾಕಿದೆ. ಒಂದು ಹಾಡಿನ ಸಿಡಿ ಹಾಕಿ ನೋಡಿದೆ, ಸೊಗಸಾಗಿತ್ತು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟುಬಿಟ್ಟೆ. ಸಿನಿಮಾ ಹಾಕಿ ನೋಡ್ಲೇ ಇಲ್ಲ.

ಅಲ್ಲಿಂದ ಶುರುವಾಯ್ತು ಅಪ್ಪನ ಕಿವಿ ಸಮಸ್ಯೆ!

ಅಪ್ಪನೂ ಸುಮ್ಮನಿರಲಿಲ್ಲ. ಹತ್ತು ಕೆಜಿ ಭಾರದ ಆ ಡಬ್ಬಾನ ಟವಲ್‌ನಲ್ಲಿ ಸುತ್ತಿ ತುಮಕೂರಿನ ಒಂದು ಅಂಗಡಿಗೆ ಒಯ್ದಿದ್ರು. ಅವನು ಎರಡು ಸ್ಪೀಕರ್ ಸಿಗಿಸಿ, ಒಂದು ಹಾಡು ಹಾಕಿ, "ಮಿಷನ್ ಚೆನ್ನಾಗೇ ಇದೆ ಸಾರ್. ಆದ್ರೆ ಹಳೇ ಮಾಡ್ಲು, ಎಚ್‌ಡಿಎಂಐ ಇಲ್ಲ. ಸೌಂಡ್‌ಬಾರ್ ತಗೊಂಬಿಡಿ" ಅಂದ. ಮಿಷನ್ ಚೆನ್ನಾಗಿದೆ ಅಂದ್ಮೇಲೆ ಕೆಟ್ಟಿರೋದು ತಮ್ಮ ಕಿವೀನೇ ಅಂತ ಅಪ್ಪ ತೀರ್ಮಾನಿಸಿದ್ರು. ತರ್ಕ ಸರಿಯಾಗೇ ಇತ್ತು ನೋಡಿ, ಕೊಟ್ಟ ಮಾಹಿತಿ ಅರ್ಧ ಇತ್ತು.

ಹಬ್ಬದ ದಿನ ಊಟ ಆದ್ಮೇಲೆ ನಾನೇ ಕೂತೆ. ಡಿವಿಡಿ ಹಾಕಿದೆ. ನಿಜಕ್ಕೂ ಹಾಡು ಕೇಳ್ಸುತ್ತೆ, ಮಾತು ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ನನಗೂ! ಆಗ ರಿಮೋಟಿನಲ್ಲಿದ್ದ ಟೆಸ್ಟ್ ಟೋನ್ ಬಟನ್ ಒತ್ತಿದೆ. ಈ ಬಟನ್ ಹಳೇ ರಿಸೀವರುಗಳಲ್ಲಿ ಸಾಮಾನ್ಯವಾಗಿ ಇರುತ್ತೆ, ಯಾರೂ ಮುಟ್ಟಿರಲ್ಲ. 'ಶ್ಶ್ಶ್' ಅನ್ನೋ ಸದ್ದು ಒಂದೊಂದೇ ಸ್ಪೀಕರಿನಲ್ಲಿ ಸುತ್ತು ಹಾಕುತ್ತೆ. ಎಡಗಡೆ ಬಂತು. ಆಮೇಲೆ ಮೌನ. ಬಲಗಡೆ ಬಂತು. ಹಿಂದಿನ ಎರಡೂ ಬಂತು. ನಡುವಿನದು ಮಾತ್ರ ಮೌನ.

5.1 ಅಂದ್ರೆ ಮುಂದೆ ಮೂರು, ಹಿಂದೆ ಎರಡು, ಗುಡುಗಿಗೆ ಒಂದು. ಸಿನಿಮಾದ ಮಾತು ಹೆಚ್ಚುಕಮ್ಮಿ ಪೂರ್ತಿ ನಡುವಿನ ಸ್ಪೀಕರಿನಲ್ಲೇ ಬರುತ್ತೆ. ಅದು ಸತ್ತರೆ ಹಾಡು, ಗಲಾಟೆ, ಮಳೆ ಎಲ್ಲ ಇರುತ್ತೆ, ಮನುಷ್ಯರ ಮಾತು ಇರಲ್ಲ. ಹಳೇ ಪ್ಲೇಯರ್ ಕೆಂಪು-ಬಿಳಿ ವೈರಿನಲ್ಲಿ ಬರೀ ಸ್ಟೀರಿಯೋ ಕೊಡ್ತಿತ್ತು, ಅದರಲ್ಲಿ ಮಾತು ಎಡ-ಬಲ ಎರಡರಲ್ಲೂ ಬೆರೆತು ಬರ್ತಿತ್ತು. ನಡುವಿನ ಸ್ಪೀಕರ್ ಎಷ್ಟು ವರ್ಷದ ಹಿಂದೆ ಸತ್ತಿತ್ತೋ, ಯಾರಿಗೂ ಗೊತ್ತಾಗಿರ್ಲಿಲ್ಲ. ನನ್ನ 'ಉಪಕಾರ'ದಿಂದ ನಿಜವಾದ 5.1 ಬರೋಕೆ ಶುರುವಾದಾಗ ಮಾತು ಮಾಯವಾಯ್ತು.

ಅಪ್ಪನಿಗೆ ಇದನ್ನ ಬಾಯಲ್ಲಿ ಹೇಳಿದ್ರೆ ಒಪ್ಪಲಿಲ್ಲ. ಮಗ ಸಮಾಧಾನಕ್ಕೆ ಹೇಳ್ತಿದಾನೆ ಅಂದ್ಕೊಂಡ್ರು. ಸರಿ, 1954ರ 'ಬೇಡರ ಕಣ್ಣಪ್ಪ' ಹಾಕಿದೆ. ರಾಜಕುಮಾರ್ ನಾಯಕರಾದ ಮೊದಲ ಚಿತ್ರ, ಗುಬ್ಬಿ ವೀರಣ್ಣನವರ ಸಂಸ್ಥೆಯೇ ಪಾಲುದಾರ, ನಮ್ಮನೇಲಿ ಅದಕ್ಕೆ ಮನೆದೇವರ ಸ್ಥಾನ. ಆ ಕಾಲದ ಚಿತ್ರದ ಧ್ವನಿ ಮೋನೋ, ಎಡ-ಬಲ ಎರಡರಲ್ಲೂ ಒಂದೇ ಸದ್ದು. ಸ್ಟೀರಿಯೋ ಮೋಡಿನಲ್ಲಿ ಸ್ಪಷ್ಟವಾಗಿ ಕೇಳಿಸ್ತು. ಆಮೇಲೆ ಪ್ರೊ ಲಾಜಿಕ್ ಬಟನ್ ಒತ್ತಿದೆ. ಎಡ-ಬಲದಲ್ಲಿ ಒಂದೇ ಸದ್ದಿದ್ರೆ ಪ್ರೊ ಲಾಜಿಕ್ ಅದನ್ನೆಲ್ಲ ಎತ್ತಿ ನಡುವಿನ ಸ್ಪೀಕರಿಗೆ ಕಳಿಸುತ್ತೆ. ಇಡೀ ಸಿನಿಮಾ ಮೂಕವಾಯ್ತು. ಪರದೆ ಮೇಲೆ ಬಾಯಿ ಆಡ್ತಿದೆ, ಸದ್ದಿಲ್ಲ. ಮತ್ತೆ ಸ್ಟೀರಿಯೋ ಒತ್ತಿದೆ, ಮಾತು ಬಂತು.

ಅಪ್ಪ ಎರಡು ನಿಮಿಷ ಸುಮ್ಮನಿದ್ದು, "ಹಂಗಾದ್ರೆ ನನ್ ಕಿವಿ ಅಲ್ವೇನೋ?" ಅಂದ್ರು.

ಟಿವಿ ಸ್ಟ್ಯಾಂಡ್ ಎಳೆದು ನೋಡಿದ್ರೆ ಇಲಿ ವೈರ್ ಕಡಿದಿತ್ತು. ಎರಡು ಮೀಟರ್ ಸ್ಪೀಕರ್ ವೈರು. ಅಷ್ಟೇ ಖರ್ಚು.

ಮಾರನೇ ದಿನ ಕುಣಿಗಲ್ಲಿಗೆ ಚಿಕ್ಕಪ್ಪನ ಮನೆಗೆ ಹೋದ್ರೆ ಅಲ್ಲಿ ಇದರ ಉಲ್ಟಾ ಕೇಸು. ಮುಂದಿನ ಎರಡು ಸ್ಪೀಕರ್ ಮಾತ್ರ ಹಾಡ್ತಿತ್ತು, ಉಳಿದವು ಸುಮ್ಮನೆ. ರಿಸೀವರಿನ ಒಳಗೆ ಸುಟ್ಟುಹೋಗಿದೆ ಅಂತ ಯಾರೋ ಹೇಳಿದ್ರಂತೆ. ಟೆಸ್ಟ್ ಟೋನ್ ಒತ್ತಿದೆ, ಐದೂ ಸ್ಪೀಕರ್ ಗಟ್ಟಿಮುಟ್ಟು. ಅಂದ್ರೆ ತಪ್ಪು ಪ್ಲೇಯರಿನ ಕಡೆ. ಅದರ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಅಂತಿತ್ತು. 'ಬಿಟ್‌ಸ್ಟ್ರೀಮ್' ಮಾಡಿದೆ, ರಿಸೀವರಿನ ಮೇಲೆ ಡಾಲ್ಬಿ ಡಿಜಿಟಲ್ ದೀಪ ಹತ್ತಿಕೊಳ್ತು. ಚಿಕ್ಕಮ್ಮ ಒಳಗಿಂದ ಕಾಫಿ ತರೋಷ್ಟರಲ್ಲಿ ಮುಗೀತು.

ಇದರ ಗುಟ್ಟು ನಮ್ಮ ಕಲ್ಪತರು ನಾಡಿನವರಿಗೆ ಸುಲಭವಾಗಿ ಅರ್ಥವಾಗುತ್ತೆ. ಆಪ್ಟಿಕಲ್ ಕೇಬಲ್ ಅನ್ನೋದು ಒಂದು ಪುಟ್ಟ ಗಾಡಿ. ಸಿಡಿಯ ಎರಡು ಚಾನೆಲ್ ಸಾಗಿಸೋಕೆ ಅಂತ ಮಾಡಿದ್ದು. ಪಿಸಿಎಂ ಅಂದ್ರೆ ಸಿಪ್ಪೆ ಸಮೇತ ತೆಂಗಿನಕಾಯಿ, ಆ ಗಾಡೀಲಿ ಎರಡು ಚಾನೆಲ್ಲಿಗೆ ಮಾತ್ರ ಜಾಗ. ಸಿಡಿಯ ಎರಡು ಚಾನೆಲ್ಲಿಗೇ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಡಾಲ್ಬಿ ಡಿಜಿಟಲ್ ಅಂದ್ರೆ ಕೊಬ್ಬರಿ. ಡಿವಿಡಿಯಲ್ಲಿ ಆರು ಚಾನೆಲ್ ಸೇರಿ ಹೆಚ್ಚೆಂದ್ರೆ 448 ಕಿಲೋಬಿಟ್, ಆರಾಮಾಗಿ ಹಿಡಿಸುತ್ತೆ. ಬ್ಲೂ-ರೇಯಲ್ಲಿ ಬರೋ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಮಾತ್ರ ಲಾರಿ ಲೋಡು, ಅದಕ್ಕೆ ಎಚ್‌ಡಿಎಂಐ ಬೇಕು. ಹಾಗಂತ ಹಳೇ ರಿಸೀವರಿನವರು ಉಪವಾಸ ಬೀಳಬೇಕಿಲ್ಲ. ಆ ಡಿಸ್ಕುಗಳಲ್ಲಿ ಅದರ ಜೊತೆಗೇ ಮಾಮೂಲಿ ಡಾಲ್ಬಿ ಅಥವಾ ಡಿಟಿಎಸ್ 5.1 ಕೂಡ ಇಟ್ಟಿರ್ತಾರೆ, ಅದು ಆಪ್ಟಿಕಲ್‌ನಲ್ಲೇ ಬರುತ್ತೆ. (ಕೊಬ್ಬರಿಯನ್ನ ಮತ್ತೆ ಕಾಯಿ ಮಾಡೋಕಾಗಲ್ವಲ್ಲ ಅಂತ ಕೇಳ್ಬೇಡಿ, ಹೋಲಿಕೆ ಇಲ್ಲಿಗೇ ಸಾಕು :))

ನಿಮ್ಮ ಮನೇಲೂ ಇಂಥ ಹಳೇ ಡಬ್ಬಾ ಇದ್ರೆ ಎಸೆಯೋ ಮುಂಚೆ ಇಷ್ಟು ಮಾಡಿ:

1. ಮೊದಲು ಟೆಸ್ಟ್ ಟೋನ್. ಸದ್ದು ಬರದ ಸ್ಪೀಕರ್ ಇದ್ರೆ ವೈರು ನೋಡಿ, ಆಮೇಲೆ ಸ್ಪೀಕರ್ ಅದಲು ಬದಲು ಮಾಡಿ ನೋಡಿ.
2. ಎಲ್ಲಾ ಬಂದ್ರೆ ಪ್ಲೇಯರಿನ ಸೆಟ್ಟಿಂಗ್: ಪಿಸಿಎಂ ಅಲ್ಲ, ಬಿಟ್‌ಸ್ಟ್ರೀಮ್. ಬ್ಲೂ-ರೇ ಆದ್ರೆ ಸೆಕೆಂಡರಿ ಆಡಿಯೋ ಆಫ್ ಮಾಡಿ.
3. ಡಿಸ್ಕಿನ ಮೆನುವಿನಲ್ಲಿ 5.1 ಆರಿಸಿದ್ದೀರಾ ನೋಡಿ. ಎಷ್ಟೋ ಡಿಸ್ಕುಗಳು ಸ್ಟೀರಿಯೋದಲ್ಲೇ ಶುರುವಾಗುತ್ತವೆ.
4. ಡಿಟಿಎಸ್ ಹಾಕಿದಾಗ ಮೌನ ಅಥವಾ ಬರೀ ಬುಸ್ ಅಂತಿದ್ರೆ ಪ್ಲೇಯರಿನಲ್ಲಿ ಡಿಟಿಎಸ್ ಆಫ್ ಆಗಿರಬಹುದು, ಇಲ್ಲಾ ರಿಸೀವರಿಗೆ ಡಿಟಿಎಸ್ ಬರದೇ ಇರಬಹುದು. ಡಾಲ್ಬಿ ಟ್ರ್ಯಾಕ್ ಆರಿಸಿ.
5. ಎಸ್‌ಎಸಿಡಿಯ 5.1 ಆಪ್ಟಿಕಲ್‌ನಲ್ಲಿ ಬರೋದೇ ಇಲ್ಲ. ಪ್ಲೇಯರಿನಲ್ಲಿ ಆರು ಅನಲಾಗ್ ಔಟ್‌ಪುಟ್, ರಿಸೀವರಿನಲ್ಲಿ ಆರು ಇನ್‌ಪುಟ್ ಇದ್ರೆ ಆರು ವೈರು ಎಳೀರಿ.

ಇಷ್ಟೆಲ್ಲ ಮಾಡಿಯೂ ಬರದಿದ್ರೆ ಆಗ ಕೆಟ್ಟಿದೆ ಅನ್ನಿ, ಒಪ್ತೀನಿ. ಹೊಸದು ಕೊಳ್ಳೋದು ತಪ್ಪಲ್ಲ. ಜಾಗ ಇಲ್ಲದವರಿಗೆ, ವೈರು ಕಂಡ್ರೆ ಆಗದವರಿಗೆ ಸೌಂಡ್‌ಬಾರೇ ಸರಿ. ನನ್ನ ತಕರಾರು 'ಹಳೇದು' ಅನ್ನೋ ಪದಾನ 'ಕೆಟ್ಟಿದ್ದು' ಅನ್ನೋ ಅರ್ಥದಲ್ಲಿ ಬಳಸೋದರ ಬಗ್ಗೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನ ಶುರು ಮಾಡಿತು. ಒಳ್ಳೇದೇ. ಆದ್ರೆ ರಿಪೇರಿಗಿಂತ ಮುಂಚೆ ಏನು ತೊಂದರೆ ಅಂತ ಕಂಡುಹಿಡಿಯೋ ಹಕ್ಕು ಬೇಕಲ್ವಾ? ಅದಕ್ಕೆ ಬೇಕಾಗಿರೋದು ಪೋರ್ಟಲ್ ಅಲ್ಲ, ಅರ್ಥವಾಗೋ ಭಾಷೆ.

ಅಪ್ಪ ಆ ರಿಸೀವರಿನ ಮ್ಯಾನುಯಲ್ ಇಪ್ಪತ್ತು ವರ್ಷ ಜೋಪಾನವಾಗಿ ಇಟ್ಟಿದ್ರು. ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಇದೆ. ಟೆಸ್ಟ್ ಟೋನ್ ವಿಷಯ ಅದರಲ್ಲೇ ಇತ್ತು! ಮೂವತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು ಅವರು, ಕನ್ನಡದಲ್ಲಿ ಒಂದು ಪುಟ ಇದ್ದಿದ್ರೆ ನನ್ನ ಹಂಗೇ ಇಲ್ಲದೆ ಸರಿ ಮಾಡ್ಕೊಳ್ತಿದ್ರು. ಅದಿಲ್ಲದ್ದಕ್ಕೆ ತಮ್ಮ ಕಿವಿಯನ್ನೇ ಅನುಮಾನಿಸಿದ್ರು. ನಮ್ಮ ಹಿರಿಯರು ಫೋನ್ ಮುಂದೆ, ಎಟಿಎಂ ಮುಂದೆ ಮಾಡೋದೂ ಇದನ್ನೇ. ಮಿಷನ್ ತಪ್ಪು ಮಾಡಿದ್ರೂ "ನಂಗೆ ಬರಲ್ಲಪ್ಪ" ಅಂತಾರೆ.

ಕನ್ನಡದಲ್ಲಿ ಬರೆಯೋ ನಾವು ಕವನ, ಪ್ರವಾಸಕಥನ, ಸಿನಿಮಾ ವಿಮರ್ಶೆ ಎಲ್ಲ ಬರೀತೀವಿ. ನನ್ನಂಥ ಸಾಫ್ಟ್‌ವೇರ್ ಮಂದಿ ದಿನವಿಡೀ ಇಂಗ್ಲಿಷಿನಲ್ಲಿ ಡಾಕ್ಯುಮೆಂಟ್ ಗೀಚಿ ಸಂಜೆ ಕನ್ನಡ ಉಳಿಸಬೇಕು ಅಂತ ಭಾಷಣ ಮಾಡ್ತೀವಿ. ಬದಲಿಗೆ ತಿಂಗಳಿಗೊಂದು, ನಮ್ಮ ಕೈಯಾರೆ ಸರಿ ಮಾಡಿದ ಯಾವುದಾದ್ರೂ ಒಂದು ವಸ್ತುವಿನ ಬಗ್ಗೆ ಬರೆದ್ರೆ? ಯುಪಿಎಸ್, ಪಂಪ್‌ಸೆಟ್ ಸ್ಟಾರ್ಟರ್, ಮಿಕ್ಸಿ, ಏನಾದ್ರೂ ಆಗ್ಲಿ. ಒಬ್ಬ ಅಪ್ಪನಿಗೆ ಉಪಯೋಗಕ್ಕೆ ಬಂದ್ರೂ ಸಾಕು.

ಅಂದ ಹಾಗೆ ಅಪ್ಪ ಈಗ ಟಿವಿ ಹಿಂದೆ ಇಲಿ ಬೋನು ಇಟ್ಟಿದಾರೆ. ಮೊನ್ನೆ ಫೋನ್ ಮಾಡಿದಾಗ ನಾನು ಏನೋ ಮೆಲ್ಲಗೆ ಗೊಣಗಿದೆ. "ಕೇಳಿಸ್ತು ಕಣೋ, ಸರಿಯಾಗೇ ಕೇಳಿಸ್ತು" ಅಂದ್ರು :)